ಮೊಘಲರ ಬೆಳ್ಳಿ ರೂಪಾಯಿ ಸಂಗ್ರಹ: ಮೊದಲು ಓದುವುದು, ಆಮೇಲೆ ಕೊಳ್ಳುವುದು

ಮೊಘಲರ ಕಾಲದ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸಲು ಹೊರಟವರಲ್ಲಿ ಅನೇಕರು ಮೊದಲ ಒಂದೆರಡು ವರ್ಷಗಳಲ್ಲಿಯೇ ಕೈಸುಟ್ಟುಕೊಂಡು ಹಿಂದೆ ಸರಿಯುತ್ತಾರೆ. ಹಣದ ಕೊರತೆ ಇದಕ್ಕೆ ಕಾರಣವಲ್ಲ, ಹೆಜ್ಜೆಗಳ ಕ್ರಮ ತಪ್ಪಿರುವುದೇ ಕಾರಣ. ಅವರು ಮೊದಲು ನಾಣ್ಯವನ್ನು ಕೊಳ್ಳುತ್ತಾರೆ, ಮನೆಗೆ ತಂದ ಮೇಲೆ ಪರ್ಷಿಯನ್ ಲಿಪಿ ಬಲ್ಲವರನ್ನು ಹುಡುಕಿ ಓದಿಸುತ್ತಾರೆ, ಎಲ್ಲಕ್ಕಿಂತ ಕೊನೆಗೆ ತೂಗಿ ನೋಡುತ್ತಾರೆ. ಈ ಮೂರು ಕೆಲಸಗಳ ಸರದಿಯನ್ನು ತಿರುಗಿಸಿದರೆ ನಷ್ಟದ ಹೆಚ್ಚಿನ ಪಾಲು ತಪ್ಪುತ್ತದೆ.

ನಾನು ಕೊಂಡ ಮೊದಲ ನಾಣ್ಯವನ್ನು ಷಹಜಹಾನನದೆಂದು ಹೇಳಿ ಮಾರಲಾಗಿತ್ತು. ಅದರ ಮೇಲಿನ ಒಂದಕ್ಷರವೂ ನನಗೆ ತಿಳಿಯುತ್ತಿರಲಿಲ್ಲ. ಕೆಲವು ತಿಂಗಳ ನಂತರ ಅಕ್ಕಸಾಲಿಗರೊಬ್ಬರ ತಕ್ಕಡಿಯಲ್ಲಿ ಇಟ್ಟಾಗ ಅದು 9.86 ಗ್ರಾಂ ತೂಗಿತು. ಸವೆದು ಹೋದ ಅಸಲಿ ರೂಪಾಯಿ ಕೂಡ ಅಷ್ಟು ಇಳಿಯುವುದಿಲ್ಲವೆಂಬ ಒಂದೇ ಒಂದು ಸಂಗತಿ ಅಂದು ನನಗೆ ಗೊತ್ತಿದ್ದಿದ್ದರೆ ಆ ಹಣ ಉಳಿಯುತ್ತಿತ್ತು. ಕೆಳಗಿನ ಹಂತಗಳನ್ನು ಇಲ್ಲಿರುವ ಕ್ರಮದಲ್ಲಿಯೇ ಪಾಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲ ಐದು ಹಂತಗಳು ಮುಗಿಯುವವರೆಗೆ ಒಂದು ನಾಣ್ಯವನ್ನೂ ಕೊಳ್ಳಬೇಡಿ.

ಹಂತ 1: ವ್ಯಾಪ್ತಿಯನ್ನು ಒಬ್ಬ ಅರಸನಿಗೆ ಇಳಿಸಿಕೊಳ್ಳಿ

ಬಾಬರನಿಂದ ಕೊನೆಯ ಷಾ ಆಲಮನವರೆಗೆ ಎಲ್ಲರ ನಾಣ್ಯವೂ ಒಂದೊಂದು ಇರಲಿ ಎಂದು ಆರಂಭಿಸುವುದೇ ಮೊದಲ ತಪ್ಪು. ಬಾಬರ್ ಮತ್ತು ಹುಮಾಯೂನರ ಶಾಹ್ರುಖಿಗಳು ಸುಮಾರು 4.7 ಗ್ರಾಂ ತೂಗುವ ಅಗಲವಾದ ತೆಳು ಬಿಲ್ಲೆಗಳು. ಅಕ್ಬರನಲ್ಲಿ ದುಂಡು ರೂಪಾಯಿಯೂ ಉಂಟು, ಚೌಕ ರೂಪಾಯಿಯೂ ಉಂಟು, ಹಿಜರಿ, ಅಂದರೆ ಇಸ್ಲಾಮೀ ಚಾಂದ್ರಮಾನದ ಇಸವಿಯ ನಾಣ್ಯಗಳ ಜೊತೆಗೆ ಅಕ್ಬರನೇ ಆರಂಭಿಸಿದ ಇಲಾಹಿ ಇಸವಿಯವೂ ಉಂಟು. ಜಹಾಂಗೀರನ ಆರಂಭದ ವರ್ಷಗಳಲ್ಲಿ ರೂಪಾಯಿಯ ತೂಕವೇ ಏರಿಳಿಯಿತು. ಹೀಗೆ ಒಬ್ಬೊಬ್ಬರ ನಾಣ್ಯಕ್ಕೂ ಲಿಪಿಯ ವಿನ್ಯಾಸ, ತೂಕ, ಕಾಲಗಣನೆ ಬೇರೆ ಬೇರೆಯಾಗಿರುವುದರಿಂದ ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೊರಟವರು ಒಂದನ್ನೂ ಸರಿಯಾಗಿ ಕಲಿಯುವುದಿಲ್ಲ.

ಹೊಸಬರು ಔರಂಗಜೇಬನಿಂದ ಆರಂಭಿಸುವುದು ಒಳ್ಳೆಯದು, ಅವನ ನಂತರ ಮುಹಮ್ಮದ್ ಷಾ. ಇಬ್ಬರ ಆಳ್ವಿಕೆಯೂ ದೀರ್ಘವಾದದ್ದು, ನಾಣ್ಯಗಳು ಹೇರಳವಾಗಿ ಸಿಗುತ್ತವೆ, ಹಿಮ್ಮುಖದ ಒಕ್ಕಣೆ ಬಹುಪಾಲು ಒಂದೇ ತೆರನಾಗಿರುತ್ತದೆ. ಸುಲಭವಾಗಿ ಸಿಗುವ ಸೂರತ್ತಿನ ರೂಪಾಯಿಯನ್ನು ಖೋಟಾ ಮಾಡುವುದರಿಂದ ಬರುವ ಲಾಭ ಕಡಿಮೆ, ಆದ್ದರಿಂದ ಅಲ್ಲಿ ಅಪಾಯವೂ ಕಡಿಮೆ. ಕನ್ನಡ ನಾಡಿನ ಓದುಗರಿಗೆ ಔರಂಗಜೇಬನನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಅವನ ಕಾಲದಲ್ಲಿ ವಿಜಯಪುರ, ಕಲಬುರಗಿ ಮತ್ತು ಬೀದರಿನ ಹೆಸರಿನಲ್ಲಿ ಅಚ್ಚಾದ ರೂಪಾಯಿಗಳಿವೆ, ಅವನ್ನು ಗುರಿಯಾಗಿಟ್ಟುಕೊಂಡರೆ ಸಂಗ್ರಹಕ್ಕೆ ಒಂದು ಅಚ್ಚುಕಟ್ಟು ಬರುತ್ತದೆ.

ಜಹಾಂಗೀರನ ರಾಶಿಚಕ್ರದ ನಾಣ್ಯಗಳು, ನೂರ್ ಜಹಾನಳ ಹೆಸರಿನ ನಾಣ್ಯಗಳು, ಅಕ್ಬರನ ರಾಮ ಸೀತೆಯರ ನಾಣ್ಯ, ಇವನ್ನು ಈ ಹಂತದಲ್ಲಿ ಸಂಪೂರ್ಣವಾಗಿ ಮರೆತುಬಿಡಿ. ಇವುಗಳಲ್ಲಿ ಅಸಲಿ ಅತಿ ವಿರಳ, ನಕಲಿಯೋ ಬೀದಿ ಬೀದಿಯಲ್ಲಿ. ಸಾಮಾನ್ಯ ಮಾರಾಟಗಾರರ ತಟ್ಟೆಯಲ್ಲಿ ಇವು ಕಂಡರೆ ಆ ತಟ್ಟೆಯ ಉಳಿದ ನಾಣ್ಯಗಳನ್ನೂ ಅನುಮಾನದಿಂದಲೇ ನೋಡಬೇಕು.

ಹಂತ 2: ಸಲಕರಣೆಗಳನ್ನು ಮೊದಲೇ ಹೊಂದಿಸಿಕೊಳ್ಳಿ

ಗ್ರಾಮಿನ ನೂರನೇ ಒಂದು ಭಾಗವನ್ನು, ಅಂದರೆ 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಅನಿವಾರ್ಯ. ಅಡುಗೆಮನೆಯ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು. ತಕ್ಕಡಿಯ ಜೊತೆಗೆ ಬರುವ ತೂಕದ ಬೊಟ್ಟನ್ನು ಪ್ರತಿ ಸಲವೂ ಇಟ್ಟು ಪರೀಕ್ಷಿಸಿದ ನಂತರವೇ ನಾಣ್ಯವನ್ನು ಇಡಬೇಕು, ಏಕೆಂದರೆ ಈ ಅಗ್ಗದ ತಕ್ಕಡಿಗಳು ಬ್ಯಾಟರಿ ಇಳಿದಂತೆ ತಪ್ಪು ತೋರಿಸುತ್ತವೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ವ್ಯಾಸ ಮತ್ತು ದಪ್ಪ ಅಳೆಯುವ ಪ್ಲಾಸ್ಟಿಕ್ ಕ್ಯಾಲಿಪರ್, ಒಂದು ಬದಿಯಿಂದ ಬೆಳಕು ಬೀಳುವಂತೆ ತಿರುಗಿಸಬಹುದಾದ ಮೇಜಿನ ದೀಪ, ಬಲವಾದ ಒಂದು ಚಿಕ್ಕ ಅಯಸ್ಕಾಂತ, ತೆಳುವಾದ ಹೊಲಿಗೆ ದಾರ, ಒಂದು ಸಣ್ಣ ಲೋಟ ಮತ್ತು ಬಟ್ಟಿ ಇಳಿಸಿದ ನೀರು ಇಷ್ಟಿದ್ದರೆ ಸಾಕು. ಲೋಹದ ಕ್ಯಾಲಿಪರ್ ಬೇಡ, ಅದು ಬೆಳ್ಳಿಯ ಮೇಲೆ ಗೆರೆ ಎಳೆಯುತ್ತದೆ. ನಾಣ್ಯವನ್ನು ನೋಡುವ ಮೇಜಿನ ಮೇಲೆ ದಪ್ಪನೆಯ ಬಟ್ಟೆ ಹಾಸಿರಬೇಕು. ಕೈತಪ್ಪಿ ಗ್ರಾನೈಟ್ ನೆಲಕ್ಕೆ ಬಿದ್ದ ನಾಣ್ಯದ ಅಂಚಿನ ಪೆಟ್ಟು ಮತ್ತೆಂದೂ ಮಾಸುವುದಿಲ್ಲ.

ಹಂತ 3: ಅಂಕಿಗಳನ್ನೂ ಹತ್ತು ಪದಗಳನ್ನೂ ಓದಲು ಕಲಿಯಿರಿ

ಪರ್ಷಿಯನ್ ಭಾಷೆಯನ್ನೇ ಕಲಿಯಬೇಕಾಗಿಲ್ಲ. ಹತ್ತು ಅಂಕಿಗಳು ಮತ್ತು ಹತ್ತು ಹನ್ನೆರಡು ಪದಗಳ ಆಕಾರ ಕಣ್ಣಿಗೆ ಕೂತರೆ ಔರಂಗಜೇಬನ ನಂತರದ ರೂಪಾಯಿಗಳಲ್ಲಿ ಬಹುಪಾಲನ್ನು ಗುರುತಿಸಬಹುದು. ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಇದಕ್ಕೆ ಬೇಕು, ಮತ್ತು ಈ ಇಡೀ ಕೆಲಸದಲ್ಲಿ ಅಡ್ಡದಾರಿಯೇ ಇಲ್ಲದ ಹಂತ ಇದೊಂದೇ.

ಅಂಕಿಗಳಿಂದ ಆರಂಭಿಸಿ. ಲಿಪಿ ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು. ಒಂದು ಎಂಬುದು ನೇರ ಕಡ್ಡಿ. ಎರಡಕ್ಕೆ ಆ ಕಡ್ಡಿಯ ತಲೆಯಲ್ಲಿ ಒಂದು ಬಾಗು, ಮೂರಕ್ಕೆ ಎರಡು ಹಲ್ಲು. ಐದು ತಲೆಕೆಳಗಾದ ಹೃದಯದ ಆಕಾರದಲ್ಲಿಯೋ ದುಂಡು ಗಂಟಿನಂತೆಯೋ ಇರುತ್ತದೆ. ಏಳು ಮೇಲಕ್ಕೆ ಬಾಯಿ ತೆರೆದ ಕವಲು, ಎಂಟು ಅದನ್ನೇ ಬೋರಲು ಹಾಕಿದ ಮನೆಯ ಮಾಡು. ಒಂಬತ್ತು ನಾವು ನಿತ್ಯ ಬರೆಯುವ 9ರಂತೆಯೇ ಇದೆ. ಸೊನ್ನೆ ಎಂದರೆ ಒಂದು ಚುಕ್ಕಿ, ಕೆಲವೊಮ್ಮೆ ಪುಟ್ಟ ಬಳೆ. ನಾಲ್ಕು ಮತ್ತು ಆರರ ರೂಪಗಳು ಟಂಕಸಾಲೆಯಿಂದ ಟಂಕಸಾಲೆಗೆ ಬದಲಾಗುವುದರಿಂದ ಹಲವು ನಾಣ್ಯಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅಭ್ಯಾಸ ಮಾಡಬೇಕು.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಎರಡು. ನಾಣ್ಯವನ್ನು ತಲೆಕೆಳಗಾಗಿ ಹಿಡಿದರೆ ಏಳು ಎಂಟಾಗುತ್ತದೆ, ಎಂಟು ಏಳಾಗುತ್ತದೆ. ಆದ್ದರಿಂದ ಅಂಕಿಯನ್ನು ಓದುವ ಮೊದಲು ಸುತ್ತಲಿನ ಪದಗಳಿಂದ ನಾಣ್ಯದ ಮೇಲು ಕೆಳಗನ್ನು ನಿಶ್ಚಯಿಸಿಕೊಳ್ಳಬೇಕು. ಎರಡನೆಯದು ಸೊನ್ನೆಗೆ ಸಂಬಂಧಿಸಿದ್ದು. ಮೊಘಲ್ ನಾಣ್ಯಗಳ ಖಾಲಿ ಜಾಗದಲ್ಲೆಲ್ಲ ಅಲಂಕಾರದ ಚುಕ್ಕಿಗಳಿರುತ್ತವೆ, ಲಿಪಿಯ ಚುಕ್ಕಿಗಳೂ ಇರುತ್ತವೆ. ಅಂಕಿಯ ಸಾಲಿನಲ್ಲಿ, ಅಂಕಿಯ ಎತ್ತರದ ನಡುವೆ ಕೂತ ಚುಕ್ಕಿಯನ್ನು ಮಾತ್ರ ಸೊನ್ನೆಯೆಂದು ಎಣಿಸಬೇಕು.

ಇನ್ನು ಪದಗಳು. ಹಿಮ್ಮುಖದ ಒಕ್ಕಣೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಸಾಲಿನಲ್ಲಿ ‘ಜರ್ಬ್’ ಎಂದಿದ್ದು, ಅದರ ಪಕ್ಕದಲ್ಲಿ ಊರಿನ ಹೆಸರಿರುತ್ತದೆ. ಜರ್ಬ್ ಎಂದರೆ ಅಚ್ಚೊತ್ತಿದ್ದು. ನಡುಸಾಲಿನಲ್ಲಿ ‘ಸನ’ ಮತ್ತು ‘ಜುಲೂಸ್’ ಪದಗಳು, ಅವುಗಳ ಬಳಿಯಲ್ಲಿ ಆಳ್ವಿಕೆಯ ವರ್ಷದ ಅಂಕಿ. ಮೇಲೆ ‘ಮೈಮನತ್ ಮಾನೂಸ್’. ಎಲ್ಲ ಸೇರಿ ‘ಮಂಗಳಕರ ಸಿಂಹಾಸನಾರೋಹಣದ ಇಂತಿಷ್ಟನೆಯ ವರ್ಷ, ಇಂಥ ಊರಿನಲ್ಲಿ ಅಚ್ಚಾದದ್ದು’ ಎಂಬ ಅರ್ಥ. ‘ಜುಲೂಸ್’ ಪದದ ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು ಬರೆಯುವುದು ವಾಡಿಕೆಯಾದ್ದರಿಂದ ಆ ಅಡ್ಡಗೆರೆ ಎದ್ದು ಕಾಣುತ್ತದೆ, ನಾಣ್ಯವನ್ನು ನೆಟ್ಟಗೆ ಹಿಡಿಯಲು ಅದೇ ಗುರುತು. ಮೊದಲನೆಯ ವರ್ಷಕ್ಕೆ ಅಂಕಿಯ ಬದಲು ‘ಅಹದ್’ ಎಂಬ ಪದವನ್ನು ಹಾಕುವುದು ರೂಢಿ. ಅಂಕಿ ಕಾಣದೆ ಅನೇಕರು ಇಂಥ ನಾಣ್ಯವನ್ನು ವರ್ಷವಿಲ್ಲದ್ದೆಂದು ಬಿಟ್ಟುಬಿಡುತ್ತಾರೆ.

ಮುಮ್ಮುಖದಲ್ಲಿ ಅರಸನ ಹೆಸರು. ಔರಂಗಜೇಬನ ಬೆಳ್ಳಿಯ ಮೇಲೆ ‘ಸಿಕ್ಕಾ ಜದ್ ದರ್ ಜಹಾನ್ ಚು ಬದ್ರ್ ಮುನೀರ್, ಷಾಹ್ ಔರಂಗಜೇಬ್ ಆಲಮ್‌ಗೀರ್’ ಎಂಬ ದ್ವಿಪದಿಯಿದೆ. ಹೊಳೆವ ಪೂರ್ಣಚಂದ್ರನಂತೆ ಲೋಕದಲ್ಲಿ ನಾಣ್ಯವನ್ನು ಅಚ್ಚೊತ್ತಿದನು ಎಂದು ಅದರ ತಾತ್ಪರ್ಯ. ಮುಹಮ್ಮದ್ ಷಾನ ರೂಪಾಯಿಗಳ ಮೇಲೆ ಸಾಮಾನ್ಯವಾಗಿ ‘ಸಿಕ್ಕಾ ಮುಬಾರಕ್ ಬಾದಷಾಹ್ ಘಾಜಿ ಮುಹಮ್ಮದ್ ಷಾಹ್’ ಎಂದಿರುತ್ತದೆ. ಷಹಜಹಾನನ ನಾಣ್ಯಗಳಲ್ಲಿ ಕಲಿಮಾ, ಅಂದರೆ ಇಸ್ಲಾಮಿನ ನಂಬಿಕೆಯ ಘೋಷಣೆ, ಇದ್ದು ಅಂಚಿನಲ್ಲಿ ನಾಲ್ವರು ಖಲೀಫರ ಹೆಸರುಗಳಿರುತ್ತವೆ. ಔರಂಗಜೇಬನು ನಾಣ್ಯದ ಮೇಲೆ ಕಲಿಮಾ ಹಾಕುವುದನ್ನು ನಿಲ್ಲಿಸಿದನು. ಹಾಗಾಗಿ ಕಲಿಮಾ ಇರುವ ನಾಣ್ಯವನ್ನು ಯಾರಾದರೂ ಔರಂಗಜೇಬನದೆಂದು ಮಾರಲು ಬಂದರೆ ಅವರಿಗೂ ಓದಲು ಬರುವುದಿಲ್ಲ ಎಂದು ತಿಳಿಯಬಹುದು.

ಊರುಗಳ ಹೆಸರಿನಲ್ಲಿ ಮೊದಲು ಸೂರತ್ ಕಲಿಯಿರಿ. ಅದರ ಕೊನೆಯ ಅಕ್ಷರ ಅಗಲವಾದ ದೋಣಿಯಂತಿದ್ದು ಮೇಲೆ ಎರಡು ಚುಕ್ಕಿ ಹೊತ್ತಿರುತ್ತದೆ. ನಂತರ ಆಗ್ರಾಕ್ಕಿದ್ದ ಅಕ್ಬರಾಬಾದ್, ದೆಹಲಿಗಿದ್ದ ಷಹಜಹಾನಾಬಾದ್, ಔರಂಗಾಬಾದಿಗಿದ್ದ ಖುಜಸ್ತಾ ಬುನಿಯಾದ್, ಪಾಟ್ನಾಕ್ಕಿದ್ದ ಅಜೀಮಾಬಾದ್. ನಮ್ಮ ಕಡೆಗೆ ಬಂದರೆ ವಿಜಯಪುರಕ್ಕೆ ‘ದಾರ್ ಉಲ್ ಜಫರ್ ಬೀಜಾಪುರ್’, ಕಲಬುರಗಿಗೆ ‘ಅಹ್ಸನಾಬಾದ್’, ಬೀದರಿಗೆ ‘ಜಫರಾಬಾದ್’. ವಿಜಯಪುರದ ಬಿರುದಿನಲ್ಲಿಯೂ ಬೀದರಿನ ಹೆಸರಿನಲ್ಲಿಯೂ ‘ಜಫರ್’ ಎಂಬ ಪದವೇ ಇರುವುದರಿಂದ ಅರ್ಧ ಕತ್ತರಿಸಿಹೋದ ನಾಣ್ಯಗಳಲ್ಲಿ ಇವೆರಡು ಅದಲುಬದಲಾಗುತ್ತವೆ. ‘ಬೀಜಾಪುರ್’ ಎಂಬ ಭಾಗದ ಒಂದಕ್ಷರವಾದರೂ ಕಾಣದ ಹೊರತು ತೀರ್ಮಾನಕ್ಕೆ ಬರಬಾರದು.

ಕತ್ತರಿಸಿಹೋಗುವುದಕ್ಕೆ ಕಾರಣವನ್ನೂ ತಿಳಿದಿರಬೇಕು. ಅಂದು ನಾಣ್ಯವನ್ನು ಕೈಯಿಂದ ಅಚ್ಚೊತ್ತುತ್ತಿದ್ದರು ಮತ್ತು ಅಚ್ಚಿನ ಅಗಲ ಬಿಲ್ಲೆಯ ಅಗಲಕ್ಕಿಂತ ಹೆಚ್ಚಾಗಿತ್ತು. ಆದ್ದರಿಂದ ಸಾಮಾನ್ಯ ನಾಣ್ಯದ ಮೇಲೆ ಪೂರ್ತಿ ಒಕ್ಕಣೆ ಬೀಳುವುದು ವಿರಳ, ಯಾವ ಭಾಗ ಬಿದ್ದಿದೆ ಎಂಬುದೇ ಅದರ ಬೆಲೆಯನ್ನು ನಿರ್ಧರಿಸುತ್ತದೆ. ಊರಿನ ಹೆಸರು ಮತ್ತು ಕನಿಷ್ಠ ಒಂದು ಇಸವಿ ಸ್ಪಷ್ಟವಾಗಿ ಕಾಣದ ನಾಣ್ಯವನ್ನು, ಅದು ಎಷ್ಟೇ ಹೊಳೆಯುತ್ತಿರಲಿ, ಮೊದಲ ಇಪ್ಪತ್ತೈದು ನಾಣ್ಯಗಳಲ್ಲಿ ಸೇರಿಸಿಕೊಳ್ಳಬೇಡಿ.

ಹಂತ 4: ಎರಡು ಇಸವಿಗಳನ್ನು ತಾಳೆ ನೋಡಿ

ಮುಮ್ಮುಖದಲ್ಲಿ ಹಿಜರಿ ಇಸವಿ, ಹಿಮ್ಮುಖದಲ್ಲಿ ಆಳ್ವಿಕೆಯ ವರ್ಷ. ಈ ಎರಡು ಸಂಖ್ಯೆಗಳು ಒಂದನ್ನೊಂದು ಕಾಯುತ್ತವೆ. ತಕ್ಕಡಿಗಿಂತಲೂ ಮೊದಲು, ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ ಇದು, ಆದರೂ ಇದನ್ನು ಮಾಡುವವರು ತೀರಾ ಕಡಿಮೆ.

ಔರಂಗಜೇಬನ ಆಳ್ವಿಕೆಯ ವರ್ಷಗಳನ್ನು ಹಿಜರಿ 1068ರ ರಂಜಾನ್ ತಿಂಗಳಿನಿಂದ ಎಣಿಸುತ್ತಾರೆ. ಆದ್ದರಿಂದ ಅವನ ನಾಣ್ಯದ ಹಿಜರಿ ಇಸವಿಯಿಂದ ಆಳ್ವಿಕೆಯ ವರ್ಷವನ್ನು ಕಳೆದರೆ 1067 ಅಥವಾ 1068 ಉಳಿಯಬೇಕು. ಮುಹಮ್ಮದ್ ಷಾನಿಗೆ 1130 ಅಥವಾ 1131, ಎರಡನೆಯ ಆಲಮ್‌ಗೀರನಿಗೆ 1166 ಅಥವಾ 1167, ಎರಡನೆಯ ಷಾ ಆಲಮನಿಗೆ 1172 ಅಥವಾ 1173. ಬೇರೆ ಸಂಖ್ಯೆ ಬಂದರೆ ಮೊದಲು ನಿಮ್ಮ ಓದನ್ನೇ ಅನುಮಾನಿಸಿ, ಏಳನ್ನು ಎಂಟೆಂದು ಓದಿರಬಹುದು. ಓದು ಸರಿಯಾಗಿದ್ದೂ ಲೆಕ್ಕ ಕೂಡದಿದ್ದರೆ ನಾಣ್ಯವನ್ನು ಅನುಮಾನಿಸಿ. ಟಂಕಸಾಲೆಯಲ್ಲಿ ಹಳೆಯ ಅಚ್ಚನ್ನೇ ಮುಂದುವರಿಸಿದ್ದರಿಂದ ಒಂದು ವರ್ಷದ ವ್ಯತ್ಯಾಸ ಅಸಲಿ ನಾಣ್ಯಗಳಲ್ಲಿಯೂ ಕಾಣಬಹುದು, ಹತ್ತು ವರ್ಷದ ವ್ಯತ್ಯಾಸಕ್ಕೆ ಅಂಥ ಸಮಾಧಾನವಿಲ್ಲ.

ಒಂದು ನಾಣ್ಯವನ್ನೇ ಎದುರಿಗಿಟ್ಟುಕೊಂಡು ನೋಡೋಣ. ನನ್ನ ಬಳಿಯಿರುವ ವಿಜಯಪುರದ ರೂಪಾಯಿಯ ಮುಮ್ಮುಖದಲ್ಲಿ ಹಿಜರಿ 1103, ಹಿಮ್ಮುಖದಲ್ಲಿ 35. ಕಳೆದರೆ 1068, ಅಂದರೆ ಲೆಕ್ಕ ಕೂಡಿತು. ಮುಂದಿನ ಪ್ರಶ್ನೆ, ಆ ವರ್ಷ ಆ ಊರು ಮೊಘಲರ ಕೈಯಲ್ಲಿತ್ತೇ ಎಂಬುದು. ವಿಜಯಪುರದ ಕೋಟೆ ಬಿದ್ದದ್ದು 1686ರ ಸೆಪ್ಟೆಂಬರಿನಲ್ಲಿ, ಅದು ಅವನ ಆಳ್ವಿಕೆಯ 30ನೆಯ ವರ್ಷ. 35 ಅದರ ನಂತರ ಬರುವುದರಿಂದ ಈ ಅಡ್ಡಿಯೂ ದಾಟಿತು. ಹಿಜರಿ 1103 ಆರಂಭವಾದದ್ದು 1691ರ ಸೆಪ್ಟೆಂಬರ್ ಕೊನೆಯಲ್ಲಿ, 35ನೆಯ ವರ್ಷ ಮುಗಿದದ್ದು 1692ರ ಮೇ ತಿಂಗಳಲ್ಲಿ. ಎರಡೂ ಕೂಡುವ ಎಂಟು ತಿಂಗಳ ಅವಧಿಯಲ್ಲಿ ಈ ಬೆಳ್ಳಿ ಟಂಕಸಾಲೆಯಿಂದ ಹೊರಬಿದ್ದಿದೆ. ಮುನ್ನೂರು ವರ್ಷಕ್ಕೂ ಹಿಂದಿನ ಒಂದು ವಸ್ತುವಿನ ಹುಟ್ಟನ್ನು ಇಷ್ಟು ಹತ್ತಿರಕ್ಕೆ ತಂದು ನಿಲ್ಲಿಸಬಹುದೆಂಬುದೇ ನನ್ನನ್ನು ಈ ಸಂಗ್ರಹದಲ್ಲಿ ಉಳಿಸಿದೆ.

ಹಿಜರಿಯನ್ನು ಕ್ರಿಸ್ತಶಕಕ್ಕೆ ತರುವಾಗ ಹಿಜರಿ ಇಸವಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಸ್ಥೂಲವಾಗಿ ಸರಿಯಾದ ಉತ್ತರ ಸಿಗುತ್ತದೆ. ಬರೀ 622 ಕೂಡಿಸುವುದು ತಪ್ಪು. ಚಾಂದ್ರಮಾನದ ವರ್ಷ ಹನ್ನೊಂದು ದಿನದಷ್ಟು ಚಿಕ್ಕದಾದ್ದರಿಂದ ಸಾವಿರ ವರ್ಷಗಳಲ್ಲಿ ಮೂವತ್ತು ವರ್ಷದ ಅಂತರ ಬೀಳುತ್ತದೆ.

ಹಂತ 5: ತೂಕ ಮತ್ತು ಸಾಂದ್ರತೆ

ರೂಪಾಯಿಯ ತೂಕ ಹೆಚ್ಚು ಕಡಿಮೆ ಒಂದು ತೊಲ ಎಂದು ನೆನಪಿಟ್ಟುಕೊಂಡರೆ ಸಾಕು. ಇಂದಿನ ತೊಲ 11.66 ಗ್ರಾಂ. ಅಕ್ಬರನ ರೂಪಾಯಿ 11.4 ಗ್ರಾಂ ಆಸುಪಾಸಿನಲ್ಲಿರುತ್ತದೆ, ಔರಂಗಜೇಬನ ಕಾಲದ ಒಳ್ಳೆಯ ನಾಣ್ಯ 11.5ರ ಹತ್ತಿರ. ಸವೆತವನ್ನು ಲೆಕ್ಕ ಹಿಡಿದರೂ 11.1 ಗ್ರಾಂಗಿಂತ ಕೆಳಗಿಳಿದ ರೂಪಾಯಿಗೆ ಕಣ್ಣಿಗೆ ಕಾಣುವ ಕಾರಣವಿರಬೇಕು. ತೂತು, ಅಂಚು ಕತ್ತರಿಸಿದ ಗುರುತು, ಅಥವಾ ಅಕ್ಷರಗಳೇ ಅಳಿಸಿಹೋಗುವಷ್ಟು ಸವೆತ, ಇವುಗಳಲ್ಲಿ ಯಾವುದೂ ಇಲ್ಲದೆ ಅಕ್ಷರಗಳು ತೀಕ್ಷ್ಣವಾಗಿದ್ದೂ ತೂಕ ಕಡಿಮೆಯಿದ್ದರೆ ಆ ನಾಣ್ಯವನ್ನು ಕೆಳಗಿಡಿ. ತೂಕ ಹೆಚ್ಚಾಗುವುದಕ್ಕೆ ತಿಳಿದ ಅಪವಾದವೆಂದರೆ ಜಹಾಂಗೀರನ ಆರಂಭದ ವರ್ಷಗಳು. ಅವನು ರೂಪಾಯಿಯನ್ನು ಮೊದಲು ಶೇಕಡಾ 20ರಷ್ಟು, ಆಮೇಲೆ ಶೇಕಡಾ 25ರಷ್ಟು ಭಾರಮಾಡಿದ್ದರಿಂದ 13.6 ಮತ್ತು 14.2 ಗ್ರಾಮಿನ ಅಸಲಿ ನಾಣ್ಯಗಳಿವೆ.

ತೂಕವೊಂದೇ ಸಾಲದು, ಏಕೆಂದರೆ ತೂಕವನ್ನು ಹೊಂದಿಸಿ ನಕಲಿ ಮಾಡುವುದು ಕಷ್ಟವಲ್ಲ. ತೂಕ ಮತ್ತು ಗಾತ್ರವನ್ನು ಒಟ್ಟಿಗೆ ಹೊಂದಿಸುವುದು ಬೆಳ್ಳಿಯಲ್ಲದ ಲೋಹಕ್ಕೆ ಕಷ್ಟ. ಆದ್ದರಿಂದ ಸಾಂದ್ರತೆಯನ್ನು ಅಳೆಯಬೇಕು. ಒಣ ನಾಣ್ಯವನ್ನು ಮೊದಲು ತೂಗಿ ಬರೆದುಕೊಳ್ಳಿ. ನಂತರ ಲೋಟದಲ್ಲಿ ಬಟ್ಟಿ ಇಳಿಸಿದ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳುದಾರದ ಕುಣಿಕೆ ಹಾಕಿ, ಅದು ಪೂರ್ತಿ ಮುಳುಗುವಂತೆ, ಆದರೆ ತಳವನ್ನಾಗಲಿ ಪಕ್ಕವನ್ನಾಗಲಿ ಮುಟ್ಟದಂತೆ ಕೈಯಿಂದ ತೂಗಿಹಿಡಿಯಿರಿ. ಆಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ.

ಮೇಲೆ ಹೇಳಿದ ವಿಜಯಪುರದ ನಾಣ್ಯ ಒಣಗಿದ್ದಾಗ 11.52 ಗ್ರಾಂ, ನೀರಿನಲ್ಲಿ ತಕ್ಕಡಿ ತೋರಿಸಿದ್ದು 1.11. ಭಾಗಿಸಿದರೆ 10.38. ಶುದ್ಧ ಬೆಳ್ಳಿಯ ಸಾಂದ್ರತೆ 10.49. ಮೊಘಲ್ ರೂಪಾಯಿಯಲ್ಲಿ ಬೆಳ್ಳಿಯ ಪ್ರಮಾಣ ಸಾಮಾನ್ಯವಾಗಿ ಶೇಕಡಾ 95ಕ್ಕೂ ಹೆಚ್ಚಿರುವುದರಿಂದ 10.2ರಿಂದ 10.5ರ ನಡುವಿನ ಫಲ ಬಂದರೆ ಒಪ್ಪಿಕೊಳ್ಳಬಹುದು. ಅದೇ ದಿನ ಪರೀಕ್ಷಿಸಿದ ಇನ್ನೊಂದು ‘ರೂಪಾಯಿ’ 11.40 ಗ್ರಾಂ ತೂಗಿದರೂ ನೀರಿನಲ್ಲಿ 1.31 ತೋರಿಸಿತು, ಫಲ 8.70. ಅದು ಜರ್ಮನ್ ಸಿಲ್ವರ್, ಅಂದರೆ ಬೆಳ್ಳಿಯೇ ಇಲ್ಲದ ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಣ. ತೂಕವನ್ನಷ್ಟೇ ನೋಡಿದ್ದರೆ ಅದು ಪಾಸಾಗುತ್ತಿತ್ತು.

ನಾಣ್ಯಕ್ಕೆ ಅಂಟಿದ ಗಾಳಿಯ ಗುಳ್ಳೆ ಫಲವನ್ನು ಇಳಿಸುತ್ತದೆ. ನೀರಿನಲ್ಲಿ ಒಮ್ಮೆ ಮೆಲ್ಲನೆ ಅಲುಗಾಡಿಸಿ ಗುಳ್ಳೆಗಳನ್ನು ಬಿಡಿಸಿ, ಮೂರು ಸಲ ಅಳೆದು ನಡುವಿನ ಸಂಖ್ಯೆಯನ್ನು ತೆಗೆದುಕೊಳ್ಳಿ. ಅಯಸ್ಕಾಂತಕ್ಕೆ ಅಂಟಿದ ನಾಣ್ಯಕ್ಕೆ ಇಷ್ಟೆಲ್ಲ ಶ್ರಮವೇ ಬೇಕಿಲ್ಲ, ಅದನ್ನು ಅಲ್ಲಿಯೇ ತಿರಸ್ಕರಿಸಬಹುದು.

ಹಂತ 6: ಮೇಲ್ಮೈ ಮತ್ತು ಅಂಚನ್ನು ಪರೀಕ್ಷಿಸಿ

ನಕಲಿಗಳೂ ಒಳ್ಳೆಯ ಬೆಳ್ಳಿಯಲ್ಲಿ ತಯಾರಾಗುತ್ತವೆ. ಹಿಂದಿನ ಹಂತವನ್ನು ದಾಟಿಬಂದ ಅವನ್ನು ಹಿಡಿಯಬೇಕಾದದ್ದು ಭೂತಗನ್ನಡಿ.

ಎರಕದ ನಕಲಿಯ ಅಕ್ಷರಗಳು ಮೇಣದ ಮೇಲೆ ಬರೆದಂತೆ ಮೃದುವಾಗಿರುತ್ತವೆ, ಅಕ್ಷರ ನೆಲದಿಂದ ಎದ್ದುನಿಲ್ಲುವ ಮೂಲೆ ತೀಕ್ಷ್ಣವಾಗಿರುವುದಿಲ್ಲ. ಖಾಲಿ ಜಾಗಗಳಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿರುತ್ತವೆ. ಅಂಚಿನ ಸುತ್ತ ತೆಳುವಾದ ಗೆರೆ, ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿ ತೆಗೆದ ಗುರುತು ಕಾಣುತ್ತದೆ. ಸುತ್ತಿಗೆಯ ಪೆಟ್ಟಿಗೆ ಹಿಗ್ಗಿದ ಅಸಲಿ ಬಿಲ್ಲೆಯ ಅಂಚಿನಲ್ಲಿ ಹೊರಮುಖವಾದ ಸಣ್ಣ ಬಿರುಕುಗಳಿರುವುದು ಸಹಜ. ಹೊಸಬರು ಈ ಬಿರುಕನ್ನು ದೋಷವೆಂದು ತಿಳಿದು ಅಸಲಿಯನ್ನು ಬಿಟ್ಟು, ನುಣುಪಾದ ನಕಲಿಯನ್ನು ಆರಿಸಿಕೊಳ್ಳುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಹೊಸ ಅಚ್ಚಿನಿಂದ ಒತ್ತಿದ ನಕಲಿಯನ್ನು ಹಿಡಿಯುವುದು ಇನ್ನೂ ಕಷ್ಟ. ಇದರ ಸುಳಿವು ಒಂಟಿ ನಾಣ್ಯದಲ್ಲಿ ಸಿಗುವುದಿಲ್ಲ, ಜೋಡಿಯಲ್ಲಿ ಸಿಗುತ್ತದೆ. ಕೈಯಿಂದ ಒತ್ತಿದ ಎರಡು ನಾಣ್ಯಗಳಲ್ಲಿ ಅಚ್ಚು ಒಂದೇ ಆಗಿದ್ದರೂ ಅದು ಕೂತ ಜಾಗ, ಬಿಲ್ಲೆಯ ಆಕಾರ, ಮುಮ್ಮುಖಕ್ಕೂ ಹಿಮ್ಮುಖಕ್ಕೂ ನಡುವಿನ ಕೋನ ಇವೆಲ್ಲ ಬೇರೆಯಾಗಿರುತ್ತವೆ. ಒಬ್ಬರ ಬಳಿಯೇ ಇರುವ ಎರಡು ನಾಣ್ಯಗಳಲ್ಲಿ ಅಕ್ಷರ ಕತ್ತರಿಸಿದ ಜಾಗ, ಕೋನ, ಗೀರು ಎಲ್ಲವೂ ಒಂದೇ ಆಗಿದ್ದರೆ ಎರಡೂ ನಕಲಿ.

ಮೇಲ್ಮೈ ಮೇಲೆ ಕಾಣುವ ಪುಟ್ಟ ಮುದ್ರೆಗಳ ಬಗ್ಗೆ ಭಯ ಬೇಡ. ನಕ್ಷತ್ರ, ಚುಕ್ಕಿ, ಹೂವಿನ ಎಸಳಿನಂಥ ಈ ಗುಂಡಿಗಳು ಸರಾಫರು ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದವು. ನೋಟದ ಅಂದವನ್ನೂ ಬೆಲೆಯನ್ನೂ ಅವು ಸ್ವಲ್ಪ ತಗ್ಗಿಸಿದರೂ ನಾಣ್ಯ ಚಲಾವಣೆಯಲ್ಲಿತ್ತು ಎಂಬುದಕ್ಕೆ ಸಾಕ್ಷಿಯಾಗಿವೆ. ಆಭರಣದಿಂದ ಬಿಡಿಸಿದ ನಾಣ್ಯದ ಮಾತು ಬೇರೆ. ನಮ್ಮಲ್ಲಿ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುವ ಪದ್ಧತಿಯಿತ್ತು. ಆ ಕೊಂಡಿಯನ್ನು ತೆಗೆದು ಉಜ್ಜಿ ಮುಚ್ಚಿದ ಜಾಗ ಅಂಚಿನ ಮೇಲೆ ಬೇರೆ ಬಣ್ಣದ ಮಚ್ಚೆಯಾಗಿ ಉಳಿದಿರುತ್ತದೆ, ತೂತನ್ನು ಬೆಳ್ಳಿ ತುಂಬಿ ಮುಚ್ಚಿದ್ದರೆ ಆ ಭಾಗದಲ್ಲಿ ಅಕ್ಷರದ ಗೆರೆ ಹೊಂದುವುದಿಲ್ಲ. ಗಡಿಯಾರದ ಮುಳ್ಳಿನಂತೆ ಅಂಚನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ನೋಡದೆ ಯಾವ ನಾಣ್ಯಕ್ಕೂ ಬೆಲೆ ಹೇಳಬಾರದು.

ಚಕ್ರವರ್ತಿಯ ಮುಖ, ಸಿಂಹಾಸನ, ಆನೆ ಅಥವಾ ಇಂಗ್ಲಿಷ್ ಅಂಕಿಗಳಿರುವ ‘ಮೊಘಲ್ ಬೆಳ್ಳಿ ರೂಪಾಯಿ’ ಪ್ರವಾಸಿಗರಿಗಾಗಿ ಮಾಡಿದ ಬಿಲ್ಲೆ.

ಹಂತ 7: ಮೊಘಲರ ಹೆಸರಿದ್ದೂ ಮೊಘಲರದ್ದಲ್ಲದ ನಾಣ್ಯಗಳನ್ನು ಬೇರ್ಪಡಿಸಿ

ಹದಿನೆಂಟನೆಯ ಶತಮಾನದಲ್ಲಿ ದೆಹಲಿಯ ಹಿಡಿತ ಸಡಿಲವಾದ ಮೇಲೆ ಮರಾಠರು, ನವಾಬರು, ಕಂಪನಿಗಳು ಎಲ್ಲರೂ ಬಾದಷಹನ ಹೆಸರಿನಲ್ಲಿಯೇ ರೂಪಾಯಿ ಒತ್ತಿದರು, ಏಕೆಂದರೆ ಜನ ನಂಬುತ್ತಿದ್ದುದು ಆ ಹೆಸರನ್ನು. ಇವೂ ಅಸಲಿ ನಾಣ್ಯಗಳೇ. ಆದರೆ ಮೊಘಲರದೆಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವುದು ತಪ್ಪು.

ಅತಿ ಹೆಚ್ಚು ಮೋಸ ಹೋಗುವುದು ಈಸ್ಟ್ ಇಂಡಿಯಾ ಕಂಪನಿಯು ಮುರ್ಷಿದಾಬಾದಿನ ಹೆಸರಿನಲ್ಲಿ ಒತ್ತಿಸಿದ, ಎರಡನೆಯ ಷಾ ಆಲಮನ 19ನೆಯ ವರ್ಷವಿರುವ ರೂಪಾಯಿಗಳಿಂದ. ವರ್ಷ ಕಳೆದರೂ ಅದರ ಮೇಲಿನ 19 ಬದಲಾಗಲಿಲ್ಲ. ಹಾಗೆಯೇ ಫರೂಕಾಬಾದಿನ 45, ಸೂರತ್ತಿನ 46. ಆರ್ಕಾಟಿನ ಹೆಸರಿನ ಕಂಪನಿ ರೂಪಾಯಿಗಳಲ್ಲಿ ಎರಡನೆಯ ಆಲಮ್‌ಗೀರನ 6ನೆಯ ವರ್ಷವೂ ಹಿಜರಿ 1172ರೂ ಹಾಗೆಯೇ ನಿಂತಿವೆ. ನಾಲ್ಕನೆಯ ಹಂತದ ಕಳೆಯುವ ಲೆಕ್ಕ ಇವುಗಳಲ್ಲಿ ಕೆಲವನ್ನು ಹಿಡಿಯುತ್ತದೆ. ಹಿಜರಿ 1202ರ ಜೊತೆ 19 ಇದ್ದರೆ ಉಳಿಯುವುದು 1183, ಷಾ ಆಲಮನಿಗೆ ಉಳಿಯಬೇಕಾದದ್ದು 1172 ಅಥವಾ 1173. ಆರ್ಕಾಟಿನದನ್ನು ಮಾತ್ರ ಲೆಕ್ಕ ಹಿಡಿಯಲಾರದು, 1172ರಲ್ಲಿ 6 ಕಳೆದರೆ ಸರಿಯಾಗಿಯೇ 1166 ಬರುತ್ತದೆ. ಅಲ್ಲಿ ಊರಿನ ಹೆಸರನ್ನೂ ಚಿಹ್ನೆಯನ್ನೂ ನೋಡಬೇಕು, ಕಮಲದ ಗುರುತು ಇಂಗ್ಲಿಷರದು, ಅರ್ಧಚಂದ್ರ ಪುದುಚೇರಿಯ ಫ್ರೆಂಚರದು. ಯಂತ್ರದಲ್ಲಿ ಒತ್ತಿದ, ಕರಾರುವಾಕ್ಕಾಗಿ ದುಂಡಗಿರುವ, ಅಂಚಿನಲ್ಲಿ ಸಮನಾದ ಗೀರುಗಳಿರುವ ಯಾವ ರೂಪಾಯಿಯೂ ಮೊಘಲ್ ಟಂಕಸಾಲೆಯದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ರೂಪಾಯಿಗಳ ಮೇಲೂ ಷಾ ಆಲಮನ ಹೆಸರಿದೆಯೆಂಬುದು ನಮ್ಮವರಿಗೆ ತಿಳಿದಿರಬೇಕು.

ಹಂತ 8: ಕೊಳ್ಳುವಾಗ ಕಾನೂನು, ರಸೀದಿ, ಬೆಲೆ

ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾವಸ್ತು. ಅದನ್ನು ಖಾಸಗಿಯವರು ಭಾರತದಿಂದ ಹೊರಗೆ ಕೊಂಡೊಯ್ಯುವಂತಿಲ್ಲ. ವಿದೇಶದಲ್ಲಿ ನೆಲೆಸಿದ ಕನ್ನಡಿಗರು ರಜೆಗೆ ಬಂದಾಗ ಅಜ್ಜನ ಪೆಟ್ಟಿಗೆಯ ರೂಪಾಯಿಯನ್ನು ನೆನಪಿಗೆಂದು ಒಯ್ಯುವುದೂ ಇದರಲ್ಲಿ ಸೇರುತ್ತದೆ, ವಿಮಾನ ನಿಲ್ದಾಣದಲ್ಲಿ ಅದು ಮುಟ್ಟುಗೋಲಾಗುತ್ತದೆ. ಪುರಾವಸ್ತುವಿನ ವ್ಯಾಪಾರ ಮಾಡುವವರಿಗೆ ಪರವಾನಗಿ ಇರಬೇಕು, ಅದರ ಸಂಖ್ಯೆಯಿರುವ ರಸೀದಿಯನ್ನು ಕೇಳಿ ಪಡೆಯಿರಿ.

‘ಹೊಲ ಉಳುವಾಗ ಸಿಕ್ಕಿದ್ದು’ ಎಂದು ಯಾರಾದರೂ ಮಡಕೆಯ ತುಂಡಿನ ಸಮೇತ ನಾಣ್ಯ ತಂದರೆ ಎರಡು ಸಾಧ್ಯತೆಗಳಿವೆ. ಮಾತು ಸುಳ್ಳಾಗಿದ್ದರೆ ನಾಣ್ಯ ನಕಲಿ. ಮಾತು ನಿಜವಾಗಿದ್ದರೆ ಅದು ನಿಧಿ, ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನಿನ ಕಡ್ಡಾಯ. ಎರಡರಲ್ಲಿ ಯಾವುದಾದರೂ ಕೊಳ್ಳುವಂತಿಲ್ಲ.

ಬೆಲೆಯನ್ನು ನಿರ್ಧರಿಸುವುದರಲ್ಲಿ ಟಂಕಸಾಲೆಯ ವಿರಳತೆಗೆ ಮೊದಲ ಸ್ಥಾನ, ಊರಿನ ಹೆಸರು ಮತ್ತು ಇಸವಿ ಎಷ್ಟು ಪೂರ್ತಿಯಾಗಿ ಬಿದ್ದಿವೆ ಎಂಬುದಕ್ಕೆ ಎರಡನೆಯದು, ಸ್ಥಿತಿಗೆ ಮೂರನೆಯದು. ಅರಸನ ಖ್ಯಾತಿ ಇವೆಲ್ಲವುಗಳ ನಂತರ ಬರುತ್ತದೆ. ಮಾರಾಟದ ಚೀಟಿಯಲ್ಲಿ ಕೆ.ಎಂ. 300 (ಕ್ರೌಸ್ ಮತ್ತು ಮಿಶ್ಲರ್ ನಾಣ್ಯಸೂಚಿಯ ಸಂಖ್ಯೆ) ಎಂದಷ್ಟೇ ಇದ್ದರೆ ಅದು ಔರಂಗಜೇಬನ ರೂಪಾಯಿ ಎಂದು ಮಾತ್ರ ತಿಳಿಸುತ್ತದೆ. ಟಂಕಸಾಲೆಯನ್ನು ಸೂಚಿಸುವುದು ಅದರ ಮುಂದೆ ಚುಕ್ಕಿಯಿಟ್ಟು ಬರೆಯುವ ಉಪಸಂಖ್ಯೆ, ಆ ಸಂಖ್ಯೆ ಬಿಟ್ಟುಹೋಗಿರುವ ಚೀಟಿಯನ್ನು ನಂಬಿ ವಿರಳ ನಾಣ್ಯದ ಬೆಲೆ ಕೊಡಬಾರದು. ಈಚೆಗೆ ಮುಗಿದ ಹರಾಜುಗಳಲ್ಲಿ ಅದೇ ಟಂಕಸಾಲೆಯ ನಾಣ್ಯ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ, ಮಾರಾಟಕ್ಕಿಟ್ಟವರು ಕೇಳುತ್ತಿರುವ ಬೆಲೆಯನ್ನಲ್ಲ. ಚಿತ್ರ ನೋಡಿ ಕೊಳ್ಳುವಾಗ ಎರಡೂ ಮುಖ, ಅಂಚು, ಮತ್ತು ತಕ್ಕಡಿಯ ಮೇಲಿರುವ ನಾಣ್ಯ, ಈ ನಾಲ್ಕು ಚಿತ್ರಗಳನ್ನು ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೆ ಬಿಡಿ.

ಹಂತ 9: ತೊಳೆಯಬೇಡಿ, ಸರಿಯಾಗಿ ಇಡಿ

ಹುಣಸೆಹಣ್ಣು, ನಿಂಬೆರಸ, ವಿಭೂತಿ, ಹಲ್ಲುಪುಡಿ, ಪಾತ್ರೆ ತಿಕ್ಕುವ ಪುಡಿ ಇವು ದೇವರ ಮನೆಯ ಬೆಳ್ಳಿಗೆ ಇರಲಿ. ನಾಣ್ಯದ ಮೇಲೆ ವರ್ಷಗಳಿಂದ ಕೂತ ಬೂದುಗಪ್ಪು ಪದರ ಅದರ ರಕ್ಷಾಕವಚ, ಅದನ್ನು ತಿಕ್ಕಿ ತೆಗೆದ ನಾಣ್ಯದ ಬೆಲೆ ಗಣನೀಯವಾಗಿ ಕುಸಿಯುತ್ತದೆ ಮತ್ತು ಕಳೆದುಹೋದ ಲೋಹ ಹಿಂದಿರುಗುವುದಿಲ್ಲ. ಮಣ್ಣು ಅಂಟಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ಒಂದೆರಡು ದಿನ ನೆನೆಸಿ, ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ಹೀರಿಸಿ. ಜಿಡ್ಡು ಅಥವಾ ಹಸಿರು ಅಂಟು ಇದ್ದರೆ ಶುದ್ಧ ಅಸಿಟೋನಿನಲ್ಲಿ ಕೆಲವು ನಿಮಿಷ ಮುಳುಗಿಸಬಹುದು, ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ ಮತ್ತು ಎಣ್ಣೆ ಬೆರೆತಿರುವುದರಿಂದ ಅದು ಬೇಡ.

ಮೃದುವಾದ ಪಿ.ವಿ.ಸಿ. ಹಾಳೆಯ ಆಲ್ಬಂಗಳು ಹಸಿರು ಅಂಟು ಬಿಡುತ್ತವೆ. ಪಾಲಿಯೆಸ್ಟರ್ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕಗಳನ್ನೋ ಆಮ್ಲರಹಿತ ಕಾಗದದ ಲಕೋಟೆಯನ್ನೋ ಬಳಸಿ. ರಬ್ಬರ್ ಬ್ಯಾಂಡು ಮತ್ತು ವೃತ್ತಪತ್ರಿಕೆಯ ಸಹವಾಸದಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಮಲೆನಾಡು ಮತ್ತು ಕರಾವಳಿಯವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ತಿಂಗಳಿಗೊಮ್ಮೆ ಪೊಟ್ಟಣಗಳನ್ನು ಬದಲಿಸಬೇಕು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿಯೇ ಹಿಡಿಯಬೇಕು.

ಹಂತ 10: ದಾಖಲೆ ಪುಸ್ತಕ

ಪ್ರತಿ ನಾಣ್ಯಕ್ಕೆ ಒಂದು ಪುಟ ಮೀಸಲಿಡಿ. ಕ್ರಮಸಂಖ್ಯೆ, ಅರಸ, ಟಂಕಸಾಲೆ, ಹಿಜರಿ ಇಸವಿ, ಆಳ್ವಿಕೆಯ ವರ್ಷ, ತೂಕ, ವ್ಯಾಸ, ಸಾಂದ್ರತೆ, ಕೊಂಡ ದಿನ, ರಸೀದಿಯ ಸಂಖ್ಯೆ, ಎರಡೂ ಮುಖಗಳ ಚಿತ್ರ ಅದರಲ್ಲಿರಲಿ. ಓದಲಾಗದ ಭಾಗವನ್ನು ಊಹಿಸಿ ತುಂಬದೆ ಖಾಲಿ ಬಿಡಿ. ಆರು ತಿಂಗಳ ನಂತರ ಕಣ್ಣು ಪಳಗಿದಾಗ ಆ ಪುಟಕ್ಕೆ ಹಿಂದಿರುಗಿ ಬರೆಯಬಹುದು, ಆದರೆ ಆಗ ಬೇರೆ ಬಣ್ಣದ ಶಾಯಿಯಲ್ಲಿ, ತಿದ್ದಿದ ದಿನಾಂಕವನ್ನು ಹಾಕಿಯೇ ಬರೆಯಿರಿ. ಪುಸ್ತಕವನ್ನು ನಾಣ್ಯದ ಡಬ್ಬಿಯಲ್ಲಿ ಇಡದೆ ಬೇರೆ ಕಡೆ ಇಟ್ಟು, ಅದು ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿರಿ.